ಆಕರಪಟ್ಟಿಯಲ್ಲಿ ನೀರುಗಂಟಿಯ ಹೆಸರು

ಪತ್ರಿಕೋದ್ಯಮ ಎಂ.ಎ. ಮುಗಿಸಿದ ನಮ್ಮ ಗುಂಪಿನಲ್ಲಿ ಈಗ ಇಬ್ಬರು ಪಿಎಚ್‌ಡಿ ಮಾಡುತ್ತಿದ್ದಾರೆ. ಒಬ್ಬಳ ವಿಷಯ ಕೋಲಾರ ಜಿಲ್ಲೆಯ ಕೆರೆಗಳು ಮತ್ತು ಅವುಗಳ ಬಗ್ಗೆ ಪತ್ರಿಕೆಗಳು ಬರೆದದ್ದು. ಉಳಿದವರು ಹಳೆಯ ಪತ್ರಿಕೆ ಹುಡುಕಿಕೊಡುತ್ತೇವೆ, ಊರೂರಿಗೆ ಜೊತೆಗೆ ಹೋಗುತ್ತೇವೆ, ರೆಕಾರ್ಡ್ ಮಾಡಿದ್ದನ್ನು ಕೂತು ಬರೆದುಕೊಡುತ್ತೇವೆ. ಹೀಗಾಗಿ 'ಉಲ್ಲೇಖಗಳನ್ನು ಜೋಪಾನ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?' ಎಂಬ ಪ್ರಶ್ನೆ ಅವಳದಷ್ಟೇ ಆಗಿ ಉಳಿಯಲಿಲ್ಲ, ನಮ್ಮೆಲ್ಲರದೂ ಆಯಿತು.

ಉಲ್ಲೇಖ ಎಂದರೇನು ಎಂದು ಕೇಳುವವರಿಗೆ ನಾವು ಪಹಣಿಯನ್ನು ತೋರಿಸುತ್ತೇವೆ. ಜಮೀನು ನನ್ನದು ಎಂದು ಬಾಯಲ್ಲಿ ಹೇಳಿದರೆ ಸಾಲದು, ಸರ್ವೆ ನಂಬರ್ ಬೇಕು, ಯಾರಿಂದ ಬಂತು ಎಂಬ ದಾಖಲೆ ಬೇಕು. ಸಂಶೋಧನೆಯಲ್ಲೂ ಹಾಗೆಯೇ. ಒಂದು ಮಾತು ಬರೆದರೆ ಅದು ಯಾರದು, ಯಾವ ಪುಸ್ತಕ, ಯಾವ ವರ್ಷ, ಎಷ್ಟನೇ ಪುಟ ಎಂದು ಹೇಳಬೇಕು. ಹೇಳದಿದ್ದರೆ ಅದು ಕಳವು. ಯುಜಿಸಿ 2018ರಲ್ಲಿ ತಂದ ನಿಯಮದ ಪ್ರಕಾರ ಥೀಸಿಸ್‌ನಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ 10 ಶೇಕಡಾ ದಾಟಿದರೆ ತೊಂದರೆ ಶುರು. ಸರಿಯಾಗಿ ಆಕರ ಹೇಳಿ ಉದ್ಧರಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಮುನ್ನೂರು ನಾನೂರು ಆಕರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಥೀಸಿಸ್ ಬರೆದ ಹಿರಿಯರು ಎಷ್ಟೋ ಮಂದಿ. ಈಗ ಅದೇ ಕೆಲಸಕ್ಕೆ ಸಾಫ್ಟ್‌ವೇರ್ ಇದೆ. ಪುಸ್ತಕದ ಐಎಸ್‌ಬಿಎನ್ ನಂಬರನ್ನೋ ಲೇಖನದ ಡಿಒಐ ನಂಬರನ್ನೋ ಕೊಟ್ಟರೆ ಲೇಖಕ, ವರ್ಷ, ಪ್ರಕಾಶಕ ಎಲ್ಲವನ್ನೂ ತಾನೇ ತುಂಬಿಕೊಳ್ಳುತ್ತದೆ. ಬರೆಯುವಾಗ ಬೇಕಾದಲ್ಲಿ ಉಲ್ಲೇಖ ಸೇರಿಸಿದರೆ ಕೊನೆಯ ಆಕರಪಟ್ಟಿ ತಾನಾಗಿ ತಯಾರಾಗುತ್ತದೆ. ಗೈಡ್ ನಡುವೆ ಮನಸ್ಸು ಬದಲಿಸಿ 'ಎಪಿಎ ಬೇಡ, ಎಂಎಲ್‌ಎ ಶೈಲಿಯಲ್ಲಿ ಕೊಡಿ' ಎಂದರೂ ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಿಲ್ಲ, ಶೈಲಿ ಬದಲಿಸಿದರೆ ಸಾಕು.

ಆರಿಸುವ ಮುಂಚೆ ನಾವು ನಾಲ್ಕು ಪ್ರಶ್ನೆ ಬರೆದುಕೊಂಡೆವು. ದುಡ್ಡು ಎಷ್ಟು? ನೆಟ್‌ವರ್ಕ್ ಇಲ್ಲದಾಗ ನಡೆಯುತ್ತದೆಯೇ? ನಾಳೆ ಬೇಡವೆನಿಸಿದರೆ ನಮ್ಮ ಸಂಗ್ರಹವನ್ನು ಎತ್ತಿಕೊಂಡು ಹೊರಗೆ ಬರಬಹುದೇ? ಕನ್ನಡಕ್ಕೆ ಒಗ್ಗುತ್ತದೆಯೇ?

ಎಂಡ್‌ನೋಟ್ ಹಳೆಯದು, ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಬಳಕೆಯಲ್ಲಿದೆ, ಆದರೆ ಕೊಂಡುಕೊಳ್ಳಬೇಕು. ವಿಶ್ವವಿದ್ಯಾಲಯವೇ ಕೊಂಡು ಕೊಟ್ಟಿದ್ದರೆ ಸರಿ. ಆದರೆ ಅಲ್ಲಿಂದ ಹೊರಬಿದ್ದ ಮೇಲೆ ಏನು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಶಿಷ್ಯವೇತನದಲ್ಲಿ ಬಸ್ ಚಾರ್ಜು ಲೆಕ್ಕ ಹಾಕುವ ನಮಗೆ ಅದು ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಯಿತು.

ಮೆಂಡಲೆ ಪುಕ್ಕಟೆ. ಕಡತ ಇಡಲು 2 ಜಿಬಿ ಜಾಗವನ್ನೂ ಕೊಡುತ್ತದೆ. 2013ರಲ್ಲಿ ಇದನ್ನು ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶನ ಕಂಪನಿ ಕೊಂಡುಕೊಂಡಿತು. 2021ರಲ್ಲಿ ಮೊಬೈಲ್ ಆಪ್ ನಿಂತಿತು. ಮುಂದಿನ ವರ್ಷ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯ ಡೌನ್‌ಲೋಡ್ ಕೂಡ ನಿಂತು, ಅದರ ಜಾಗಕ್ಕೆ ಹೊಸದೊಂದು ಬಂತು. ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ, ಬಳಸಿ ಥೀಸಿಸ್ ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಐದು ವರ್ಷದ ದುಡಿಮೆಯನ್ನು ಒಬ್ಬರ ಮನೆಯಲ್ಲಿ ಇಡುವಾಗ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ನೋಡಬೇಕಲ್ಲ.

ಜೊಟೆರೊವನ್ನು ಆರಿಸಿಕೊಂಡದ್ದು ಅದಕ್ಕೇ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರ ಕೇಂದ್ರವೊಂದು 2006ರಲ್ಲಿ ಇದನ್ನು ಹೊರತಂದಿತು. ಇದು ಮುಕ್ತ ತಂತ್ರಾಂಶ, ಪುಕ್ಕಟೆ. ಖಾತೆ ತೆರೆಯದೆಯೂ ಬಳಸಬಹುದು. ಎಲ್ಲವೂ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುವುದರಿಂದ ಕರೆಂಟು, ನೆಟ್ಟು ಎರಡೂ ಕೈಕೊಟ್ಟ ರಾತ್ರಿ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಮೂರರಲ್ಲೂ ಉಲ್ಲೇಖ ಸೇರಿಸಬಹುದು. ಗುಂಪು ಮಾಡಿಕೊಂಡರೆ ಒಬ್ಬರು ಸೇರಿಸಿದ್ದು ಎಲ್ಲರಿಗೂ ಸಿಗುತ್ತದೆ. ಪ್ರಕಾಶಕರೇ ಹಿಂತೆಗೆದುಕೊಂಡ ಲೇಖನ ಪಟ್ಟಿಯಲ್ಲಿದ್ದರೆ ಎಚ್ಚರಿಕೆಯನ್ನೂ ಕೊಡುತ್ತದೆ.

ಕೊರತೆಯೂ ಇದೆ. ಪಿಡಿಎಫ್‌ಗಳನ್ನು ಆನ್‌ಲೈನಿನಲ್ಲಿ ಇಡಲು ಸಿಗುವ ಉಚಿತ ಜಾಗ ಬರೀ 300 ಎಂಬಿ. ಸ್ಕ್ಯಾನ್ ಮಾಡಿದ ನಾಲ್ಕು ಗೆಜೆಟಿಯರ್ ಹಾಕಿದರೆ ತುಂಬಿತು. ಹಾಗಾಗಿ ಆಕರಗಳ ವಿವರ ಮಾತ್ರ ಆನ್‌ಲೈನಿಗೆ ಹೋಗುವಂತೆ ಮಾಡಿ, ಕಡತಗಳನ್ನು ಲ್ಯಾಪ್‌ಟಾಪಿನಲ್ಲೇ ಉಳಿಸಿಕೊಂಡಿದ್ದೇವೆ. ಪ್ರತಿ ಭಾನುವಾರ ಪ್ರೋಗ್ರಾಂ ಮುಚ್ಚಿ, ಅದರ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡುತ್ತೇವೆ.

ಫೋನಿನಲ್ಲೇ ಎಲ್ಲ ಓದುವವರಿಗೆ ಒಂದು ಮಾತು. ಜೊಟೆರೊಗೆ ಆಂಡ್ರಾಯ್ಡ್ ಆಪ್ ಇದೆ, ಓದಬಹುದು, ಗುರುತು ಹಾಕಬಹುದು. ಆದರೆ ಥೀಸಿಸ್‌ಗೆ ಉಲ್ಲೇಖ ಸೇರಿಸಲು ಲ್ಯಾಪ್‌ಟಾಪೇ ಬೇಕು. ಬಿ.ಎ., ಎಂ.ಎ. ಪ್ರಾಜೆಕ್ಟಿಗೆ ಹದಿನೈದು ಇಪ್ಪತ್ತು ಆಕರ ಇರುವವರಿಗೆ ಜೊಟೆರೊಬಿಬ್ ಸಾಕು. ಇನ್‌ಸ್ಟಾಲ್ ಮಾಡುವ ಕೆಲಸವಿಲ್ಲ, ಫೋನಿನ ಬ್ರೌಸರಿನಲ್ಲೇ ಪಟ್ಟಿ ಮಾಡಿಕೊಡುತ್ತದೆ. ಬ್ರೌಸರಿನ ದತ್ತಾಂಶ ಅಳಿಸಿದರೆ ಪಟ್ಟಿಯೂ ಹೋಗುತ್ತದೆ, ಮುಗಿದ ಕೂಡಲೇ ನಕಲು ತೆಗೆದಿಟ್ಟುಕೊಳ್ಳಿ.

ನಮ್ಮ ನಾಲ್ಕನೇ ಪ್ರಶ್ನೆಗೆ ಯಾವ ಸಾಫ್ಟ್‌ವೇರಿನಲ್ಲೂ ಪೂರ್ತಿ ಉತ್ತರ ಸಿಗಲಿಲ್ಲ. ಇವೆಲ್ಲ ಹೆಸರು ಎಂದರೆ ಮೊದಲ ಹೆಸರು, ಮನೆತನದ ಹೆಸರು ಎಂದೇ ತಿಳಿದಿವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂದು ಕೊಟ್ಟರೆ 'ಅಯ್ಯಂಗಾರ್' ಮುಂದಕ್ಕೆ ಬಂದು, ಮಾಸ್ತಿ ಎಂಬ ಊರು ಹಿಂದೆ ಒಂದಕ್ಷರವಾಗಿ ಉಳಿಯುತ್ತದೆ. ಕನ್ನಡದ ಓದುಗ ಅವರನ್ನು ಹುಡುಕುವುದು 'ಮ' ಅಕ್ಷರದಲ್ಲಿ. ಜೊಟೆರೊದಲ್ಲಿ ಹೆಸರನ್ನು ಎರಡು ಖಾನೆಯ ಬದಲು ಒಂದೇ ಖಾನೆಯಲ್ಲಿ ಬರೆಯುವ ಅನುಕೂಲ ಇದೆ. ಕುವೆಂಪು, ಮಾಸ್ತಿ ಮುಂತಾದವರಿಗೆ ನಾವು ಅದನ್ನೇ ಬಳಸುತ್ತೇವೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಬರಹವನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲ, ಒಂದೊಂದನ್ನೂ ಕೈಯಿಂದ ತುಂಬಬೇಕು. ಶಾಸನಗಳ ಕಥೆಯೂ ಅಷ್ಟೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ, 1905ರದು, ಕೋಲಾರ ಜಿಲ್ಲೆಯದು. ಅದರಲ್ಲಿ ಪುಟಕ್ಕಿಂತ ತಾಲ್ಲೂಕು ಮತ್ತು ಶಾಸನ ಸಂಖ್ಯೆ ಮುಖ್ಯ. ಅದಕ್ಕೆ ಸಿದ್ಧ ಖಾನೆ ಇಲ್ಲ, ಉಲ್ಲೇಖ ಸೇರಿಸುವಾಗ ಪಕ್ಕದಲ್ಲಿ ಬರೆಯುತ್ತೇವೆ. ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು ಎಂದು ಎರಡು ಪಟ್ಟಿ ಬೇಕಿದ್ದರೆ ಕೊನೆಯಲ್ಲಿ ಕೂತು ಬೇರ್ಪಡಿಸಬೇಕು.

ಇನ್ನೊಂದು. ಈಗ ಎಐಯನ್ನು ಕೇಳಿ ಆಕರ ತೆಗೆದುಕೊಳ್ಳುವ ಚಾಳಿ ಬಂದಿದೆ. ಇಲ್ಲದ ಪುಸ್ತಕ, ಇಲ್ಲದ ಪುಟವನ್ನೂ ಅದು ನಂಬುವಂತೆ ಹೇಳಬಲ್ಲದು. ಕೈಯಿಂದ ತುಂಬಿದ ಸುಳ್ಳು ಆಕರವನ್ನೂ ಈ ಸಾಫ್ಟ್‌ವೇರ್‌ಗಳು ಅಷ್ಟೇ ಅಚ್ಚುಕಟ್ಟಾಗಿ ಪಟ್ಟಿಗೆ ಹಾಕುತ್ತವೆ. ಕಣ್ಣಾರೆ ನೋಡದ ಪುಟವನ್ನು ಸೇರಿಸುವುದಿಲ್ಲ ಎಂದು ನಾವು ಮಾತಾಡಿಕೊಂಡಿದ್ದೇವೆ.

ಸಾಫ್ಟ್‌ವೇರ್ ಗೊತ್ತಾದ ಮೇಲೆ ನಿಜವಾದ ತಕರಾರು ಎದ್ದದ್ದು ಶೈಲಿಯ ಬಗ್ಗೆ. ಗೆಳತಿಯ ಥೀಸಿಸ್‌ನ ಮುಖ್ಯ ಅಧ್ಯಾಯ ನಿಂತಿರುವುದು ನೀರುಗಂಟಿಯೊಬ್ಬರ ಮಾತಿನ ಮೇಲೆ. ತೂಬು ಎತ್ತುವುದು ಯಾವಾಗ, ಮಳೆ ಕಡಿಮೆಯಾದ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಅವರ ತಲೆಯಲ್ಲಿದೆ. ಯಾವ ಗೆಜೆಟಿಯರಿನಲ್ಲೂ ನಮಗದು ಸಿಕ್ಕಿಲ್ಲ. ಜೊಟೆರೊದಲ್ಲಿ 'ಸಂದರ್ಶನ' ಎಂಬ ಬಗೆ ಇದೆ, ಅದರಲ್ಲಿ ಅವರ ಹೆಸರು, ಊರು, ದಿನಾಂಕ ಸೇರಿಸಿದೆವು. ಆದರೆ ಎಪಿಎ ಶೈಲಿಯ ನಿಯಮದಂತೆ ಸಂಶೋಧಕರು ತಾವೇ ಮಾಡಿದ ಸಂದರ್ಶನ ಕೊನೆಯ ಆಕರಪಟ್ಟಿಗೆ ಬರುವಂತಿಲ್ಲ. ಓದುಗರು ಹುಡುಕಿ ನೋಡಲಾಗದ್ದು ಪಟ್ಟಿಯಲ್ಲಿ ಬೇಡ ಎಂಬುದು ಕಾರಣ. ಎಂಎಲ್‌ಎ ಶೈಲಿಯಲ್ಲಿ ಬರಬಹುದು.

ಅಂದರೆ ಅವರ ಬಗ್ಗೆ ವರದಿ ಬರೆದವರು ಪಟ್ಟಿಯಲ್ಲಿ ಇರುತ್ತಾರೆ, ಅವರು ಇರುವುದಿಲ್ಲ. ನಮಗೆ ಇದು ಸರಿಕಾಣಲಿಲ್ಲ. ನಮ್ಮ ಜಾನಪದ ಸಂಶೋಧಕರು ಥೀಸಿಸ್‌ನ ಕೊನೆಗೆ ವಕ್ತೃಗಳ ಪಟ್ಟಿ ಕೊಡುವ ರೂಢಿಯನ್ನು ಮೊದಲಿಂದ ಇಟ್ಟುಕೊಂಡಿದ್ದಾರೆ. ಗೆಳತಿ ಆ ಪುಸ್ತಕಗಳನ್ನು ಹೊತ್ತುಕೊಂಡು ಗೈಡ್ ಹತ್ತಿರ ಹೋದಳು. ಎರಡು ಸಲ ಆಗದು ಎಂದವರು ಮೂರನೇ ಸಲ ಒಪ್ಪಿದರು. ಗ್ರಂಥಗಳ ಪಟ್ಟಿ ಎಪಿಎಯಲ್ಲಿ, ಅದರ ಜೊತೆಗೇ ಮಾತು ಕೊಟ್ಟವರ ಪಟ್ಟಿ. ಹೆಸರು ಹಾಕಬಹುದೇ ಎಂದು ಪ್ರತಿಯೊಬ್ಬರನ್ನೂ ಕೇಳಿದೆವು. ಇಬ್ಬರು ಬೇಡವೆಂದರು, ಅವರ ಹೆಸರು ಹಾಕಿಲ್ಲ. ನೀರುಗಂಟಿ 'ಹಾಕ್ರಮ್ಮ, ನಮ್ಮಪ್ಪನ ಹೆಸರೂ ಹಾಕಿ, ಕಲಿಸಿದ್ದು ಅವನೇ' ಎಂದರು. ಹಾಕಿದ್ದೇವೆ.

ನಿಮ್ಮ ಊರಿಗೂ ಯಾರಾದರೂ ನೋಟ್‌ಬುಕ್ ಹಿಡಿದು ಸಂಶೋಧನೆಗೆಂದು ಬರಬಹುದು. ಕೂರಿಸಿ, ಕಾಫಿ ಕೊಡಿ, ಗೊತ್ತಿರುವುದನ್ನು ಹೇಳಿ. ಎದ್ದು ಹೊರಡುವಾಗ ಒಂದು ಮಾತು ಕೇಳಿ: 'ನಾವು ಹೇಳಿದ್ದನ್ನು ಯಾರ ಹೆಸರಲ್ಲಿ ಬರೀತೀರಿ?'