ಸಮ್‌ಗೆ ಬರುವಷ್ಟರಲ್ಲಿ ನಿಂತ ಹಾಡು

ಮೊದಲೇ ಹೇಳಿಬಿಡ್ತೀವಿ, ನಾವು ಕಲಿತದ್ದು ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಇಲ್ಲಿ ‘ನಾವು’ ಅಂದ್ರೆ ಧಾರವಾಡದ ಒಂದು ಹಳೇ ಮನೆಯ ಇಬ್ಬರು ಮೊಮ್ಮಕ್ಕಳು. ಒಬ್ಬರು ಇಲ್ಲಿ ಸೆಕೆಂಡ್ ಇಯರ್, ಇನ್ನೊಬ್ಬರು ಊರಲ್ಲಿ ಸೆಕೆಂಡ್ ಪಿಯುಸಿ. ಕಳೆದ ಸೆಮಿಸ್ಟರ್ ರಜೆಯಲ್ಲಿ ಇಬ್ಬರೂ ಸೇರಿ ಮನೆಯ ವೈಫೈ ಸರಿಮಾಡಿದ ಕಥೆ ಇದು.

ನಮ್ಮಜ್ಜ ಹಾಡುಗಾರರಲ್ಲ, ಕೇಳುಗರು. ಮಲ್ಲಿಕಾರ್ಜುನ ಮನ್ಸೂರರನ್ನು ಎದುರಿಗೆ ಕೂತು ಕೇಳಿದವರು. ದಿನಾ ಸಂಜೆ ಅಜ್ಜ, ಅಜ್ಜಿ ಇಬ್ಬರೂ ರೇಡಿಯೋ ಹಚ್ಚಿಕೊಂಡು ಕೂರೋದು ನಮ್ಮನೆ ಪದ್ಧತಿ. ಎರಡು ವರ್ಷದ ಹಿಂದೆ ಅಜ್ಜಿ ಹೋದರು. ಆಮೇಲೆ ರೇಡಿಯೋನೂ ಕೆಟ್ಟಿತು. ನಾವು ದುಡ್ಡು ಕೂಡಿಸಿ ಒಂದು ಟ್ಯಾಬ್, ಒಂದು ಬ್ಲೂಟೂತ್ ಸ್ಪೀಕರ್ ತಂದುಕೊಟ್ಟು, ಮ್ಯೂಸಿಕ್ ಆ್ಯಪ್ ಹಾಕಿಕೊಟ್ಟು, ಬಹಳ ದೊಡ್ಡ ಕೆಲಸ ಮಾಡಿದೀವಿ ಅಂದ್ಕೊಂಡ್ವಿ.

ಒಂದು ತಿಂಗಳು ಚೆನ್ನಾಗಿ ನಡೀತು. ಆಮೇಲೆ ಹಾಡು ನಡುನಡುವೆ ನಿಲ್ಲೋಕೆ ಶುರುವಾಯ್ತು. ಸಿನಿಮಾ ಹಾಡು ಎರಡು ಸೆಕೆಂಡ್ ನಿಂತರೆ ನಮಗೇನೂ ಅನ್ನಿಸಲ್ಲ. ಆದರೆ ವಿಲಂಬಿತ ಖಯಾಲ್ ಹಾಗಲ್ಲ. ತಾಳದ ಒಂದು ಆವರ್ತನಕ್ಕೇ ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಹಾಡುವವರು ಎಲ್ಲೆಲ್ಲೋ ಸುತ್ತಾಡಿ ಸರಿಯಾಗಿ ಮೊದಲ ಮಾತ್ರೆಗೆ ಬಂದು ಸೇರಬೇಕು. ಅದೇ ಸಮ್. ಅಜ್ಜ ಕಣ್ಣು ಮುಚ್ಚಿ, ತೊಡೆ ಮೇಲೆ ಬೆರಳಿಟ್ಟು ಅದಕ್ಕೇ ಕಾಯ್ತಾ ಇರ್ತಾರೆ. ಇನ್ನೇನು ಬಂತು ಅನ್ನುವಾಗ ಸ್ಕ್ರೀನ್ ಮೇಲೆ ಚಕ್ರ ತಿರುಗುತ್ತೆ.

“ರೇಡಿಯೋ ಕರ್ ಕರ್ ಅಂತಿತ್ತು ಖರೆ, ಆದ್ರ ಸಮ್ ತಪ್ಪಸ್ತಿರ್ಲಿಲ್ಲ ನೋಡ್ರೋ” ಅಂದಿದ್ದರು ಒಮ್ಮೆ. ಯೋಚನೆ ಮಾಡಿದರೆ ಇದು ಪಕ್ಕಾ ಇಂಜಿನಿಯರಿಂಗ್ ಮಾತು. ರೇಡಿಯೋ ಸಿಗ್ನಲ್ ಕ್ಷೀಣಿಸಿದರೆ ಗದ್ದಲ ಹೆಚ್ಚಾಗುತ್ತೆ, ಹಾಡು ಸಾಗ್ತಾನೇ ಇರುತ್ತೆ. ಸ್ಟ್ರೀಮಿಂಗ್‌ನಲ್ಲಿ ಪ್ಯಾಕೆಟ್ ಬಂದರೆ ಪೂರ್ತಿ ಸ್ವಚ್ಛ, ಬರದಿದ್ದರೆ ಪೂರ್ತಿ ಮೌನ.

ಈ ಸಲ ರಜೆಗೆ ಹೋದಾಗ ಸಂಜೆ ಅಜ್ಜನ ಕೋಣೆಯಲ್ಲಿ ಲೈಟೂ ಇಲ್ಲ, ಹಾಡೂ ಇಲ್ಲ. ಟ್ಯಾಬ್ ಚಾರ್ಜ್ ಇಲ್ಲದೆ ಕಪಾಟಿನಲ್ಲಿ ಬಿದ್ದಿತ್ತು. ಕೇಳಿದರೆ, “ಬ್ಯಾಡ ಬಿಡ್ರಪಾ, ಈಗ ಕೇಳೋ ಮನಸ್ಸಿಲ್ಲ” ಅಂದರು. ಹಾಸ್ಟೆಲ್‌ನಲ್ಲಿದ್ದವರಿಗೆ ಇದು ಗೊತ್ತಿರಲಿಲ್ಲ, ಮನೆಯಲ್ಲಿದ್ದವರು ಗಮನಿಸಿರಲಿಲ್ಲ.

ಅಪ್ಪ “ದೊಡ್ಡ ಪ್ಲಾನ್ ಹಾಕಿಸೋಣ” ಅಂದರು. ನಾವು ಮೊದಲು ಲೆಕ್ಕ ಹಾಕಿದ್ವಿ. ಒಳ್ಳೆ ಕ್ವಾಲಿಟಿಯ ಸ್ಟ್ರೀಮಿಂಗ್ ಹಾಡಿಗೆ ಬೇಕಾಗಿರೋದು 320 ಕೆಬಿಪಿಎಸ್. ಸಿಡಿ ಗುಣಮಟ್ಟವನ್ನು ಕಂಪ್ರೆಸ್ ಮಾಡದೇ ಕಳಿಸಿದರೂ 1,411 ಕೆಬಿಪಿಎಸ್. ನಮ್ಮ ಪ್ಲಾನ್ 100 ಎಂಬಿಪಿಎಸ್. ಅಂದ್ರೆ ಅಜ್ಜನ ಹಾಡಿಗೆ ಬೇಕಾದದ್ದು ಇಡೀ ಲೈನಿನ ಶೇಕಡಾ 0.32 ಮಾತ್ರ. ಸ್ಪೀಡ್ ಕಡಿಮೆಯಾಗಿ ಹಾಡು ನಿಲ್ತಿಲ್ಲ ಅನ್ನೋದು ಅಲ್ಲೇ ಖಾತ್ರಿಯಾಯ್ತು.

ಆಮೇಲೆ ಲ್ಯಾಪ್‌ಟಾಪ್ ಹಿಡ್ಕೊಂಡು ಪಿಂಗ್ ಮಾಡಿದ್ವಿ. ಇಂಟರ್‌ನೆಟ್‌ಗಲ್ಲ, ಮನೆಯ ಮೋಡೆಮ್‌ಗೇ: 192.168.1.1. ಹಾಲ್‌ನಲ್ಲಿ 2–3 ಮಿಲಿಸೆಕೆಂಡ್. ಅಜ್ಜನ ಕೋಣೆಯಲ್ಲಿ 200, 400, ನಡುವೆ ಉತ್ತರವೇ ಇಲ್ಲ. ಅಂದ್ರೆ ತಪ್ಪು ಹೊರಗಿನ ಲೈನಿನದಲ್ಲ, ಮನೆಯೊಳಗಿನದು. ಅಷ್ಟರಲ್ಲಿ ನಾವು ಕಸ್ಟಮರ್ ಕೇರ್‌ನವರಿಗೆ ಮೂರು ಸಲ ಬೈದಾಗಿತ್ತು. ಅವರ ಕ್ಷಮೆ ಇರಲಿ.

ಮೋಡೆಮ್ ಇದ್ದದ್ದು ಹಾಲ್‌ನ ಮೂಲೆಯಲ್ಲಿ, ಕಬ್ಬಿಣದ ತಿಜೋರಿ ಹಿಂದೆ. ‘ನೋಡೋಕೆ ಚೆಂದ ಕಾಣಲ್ಲ’ ಅಂತ ಅಮ್ಮ ಅಲ್ಲಿ ಇಡಿಸಿದ್ದರು. ಕಬ್ಬಿಣ ರೇಡಿಯೋ ಅಲೆಯನ್ನು ದಾಟೋಕೆ ಬಿಡಲ್ಲ. ಅದರಾಚೆ ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆ. ಬೇಸಿಗೆಯಲ್ಲಿ ಮನೆ ತಂಪಾಗಿಡೋ ಗೋಡೆಗಳೇ ವೈಫೈಗೆ ಶತ್ರು.

ಅಟ್ಟದ ಮೇಲೆ ಒಂದು ಹಳೇ ರೌಟರ್ ಇತ್ತು. ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸ 192.168.1.2 ಅಂತ ಬದಲಿಸಿ, ಅಜ್ಜನ ಕೋಣೆ ಬಾಗಿಲ ಮೇಲೆ ಕೂರಿಸಿದ್ವಿ. ಮೋಡೆಮ್‌ನಿಂದ ಅಲ್ಲಿಗೆ 20 ಮೀಟರ್ ಕ್ಯಾಟ್ 6 ಕೇಬಲ್ ಎಳೆದ್ವಿ. ಈಥರ್‌ನೆಟ್ ಕೇಬಲ್ 100 ಮೀಟರ್‌ವರೆಗೂ ನಡೆಯುತ್ತೆ, ಚಿಂತೆ ಇಲ್ಲ. ಆದರೆ ಕೇಬಲ್ಲನ್ನು ಹಳೇ ರೌಟರ್‌ನ ಲ್ಯಾನ್ ಪೋರ್ಟ್‌ಗೆ ಹಾಕಬೇಕು. ನಾವು ವ್ಯಾನ್ ಪೋರ್ಟ್‌ಗೆ ಹಾಕಿ ಅರ್ಧ ದಿನ ತಲೆ ಕೆರ್ಕೊಂಡ್ವಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದ ಮನೆಯವರೆಲ್ಲ 1 ಮತ್ತು 6ರಲ್ಲಿದ್ದರು, ನಾವು 11 ಹಿಡಿದ್ವಿ. ಬ್ಲೂಟೂತ್ ಸ್ಪೀಕರ್ ಕೂಡ ಅದೇ 2.4ರಲ್ಲೇ ಮಾತಾಡೋದರಿಂದ ಟ್ಯಾಬನ್ನು 5 ಗಿಗಾಹರ್ಟ್ಸ್‌ಗೆ ಹಾಕಿದ್ವಿ. 5 ಗೋಡೆ ದಾಟೋದ್ರಲ್ಲಿ ಸೋಮಾರಿ, ಆದರೆ ಈಗ ರೌಟರ್ ಬಾಗಿಲಲ್ಲೇ ಇದೆಯಲ್ಲ.

ಪಿಂಗ್ 3ಕ್ಕೆ ಇಳೀತು. ಗೆದ್ವಿ ಅಂದ್ಕೊಂಡ್ವಿ. ರಾತ್ರಿ 8ಕ್ಕೆ ಹಾಡು ಮತ್ತೆ ನಿಂತಿತು.

ಈ ಸಲ ಹೊರಗಿನ ಸರ್ವರ್‌ಗೆ ಪಿಂಗ್ ಮಾಡಿದ್ವಿ. ಮಧ್ಯಾಹ್ನ 25 ಇದ್ದದ್ದು ಈಗ 700. ಯಾರ ಟ್ರಾಫಿಕ್ ಇದು ಅಂತ ಮೋಡೆಮ್‌ನ ಪೇಜ್ ತೆಗೆದು ನೋಡಿದರೆ ನಮ್ಮದೇ. ನಮ್ಮಿಬ್ಬರ ಫೋನ್‌ಗಳು ದಿನದ ಫೋಟೋ, ವೀಡಿಯೋ ಎಲ್ಲಾ ಕ್ಲೌಡ್‌ಗೆ ಏರಿಸ್ತಾ ಇದ್ದವು. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಗಿರಣಿಯಲ್ಲಿ ಒಬ್ಬರು ಹತ್ತು ಚೀಲ ಜೋಳ ಇಟ್ಟು ನಿಂತಿದ್ದಾರೆ, ಹಿಂದೆ ಅಜ್ಜ ಒಂದು ಸೇರು ಹಿಡ್ಕೊಂಡು ನಿಂತಿದ್ದಾರೆ ಅಂದ್ಕೊಳ್ಳಿ. ‘ಮುಂದಿನ ತುಣುಕು ಕಳಿಸಿ’ ಅನ್ನೋ ಟ್ಯಾಬ್‌ನ ಸಣ್ಣ ವಿನಂತಿ ನಮ್ಮ ವೀಡಿಯೋಗಳ ಹಿಂದೆ ಕಾಯ್ತಾ ಇತ್ತು. ಬ್ಯಾಕಪ್ಪನ್ನು ಮನೆ ಮಲಗಿದ ಮೇಲೆ ಮಾಡೋದು ಅಂತ ಬದಲಿಸಿದ್ವಿ. ಅಪ್‌ಲೋಡ್‌ಗೆ ಲೈನಿನ ಸ್ಪೀಡಿನ ಶೇಕಡಾ 85ರ ಮಿತಿ ಹಾಕಿದ್ವಿ. ಮಿತಿ ಹಾಕಿದ್ರೆ ಮೋಡೆಮ್‌ನಲ್ಲಿ ಸಾಲು ಅಷ್ಟಾಗಿ ಬೆಳೆಯಲ್ಲ.

ಅಜ್ಜನಿಗೆ ತಪ್ಪೊಪ್ಪಿಕೊಳ್ಳೋಕೆ ಹೋದ್ವಿ. “ಅಜ್ಜಾ, ನಮ್ಮ ಫೋನ್ ದೆಸೆಯಿಂದನ ನಿನ್ನ ಹಾಡು ನಿಲ್ತಿತ್ತು” ಅಂದ್ವಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಾ ಉಲ್ಟಾ ತಿಳ್ಕೊಂಡಿದ್ನೆಪಾ. ನಾ ಹಾಡು ಹಚ್ಚಿದ್ರ ನಿಮ್ಮ ಆನ್‌ಲೈನ್ ಕ್ಲಾಸಿಗೆ ನೆಟ್ ಸಾಲೂದಿಲ್ಲ ಅಂತ. ಅದಕ್ಕ ಬಂದ್ ಮಾಡಿದ್ದೆ.”

ಶೇಕಡಾ 0.32. ಅದನ್ನೂ ನಮಗಾಗಿ ಬಿಟ್ಟುಕೊಟ್ಟು ಕತ್ತಲಲ್ಲಿ ಕೂತಿದ್ದರು. ನಮಗೆ ಏನು ಹೇಳಬೇಕೋ ತಿಳೀಲಿಲ್ಲ. ಟ್ಯಾಬ್ ತೆಗೆದು ಭೀಮಸೇನ ಜೋಶಿಯವರನ್ನು ಹಚ್ಚಿದ್ವಿ. ಅಜ್ಜ ಕಣ್ಣು ಮುಚ್ಚಿದರು. ಒಬ್ಬರು ಚಕ್ರ ತಿರುಗುತ್ತಾ ಅಂತ ಸ್ಕ್ರೀನ್ ನೋಡ್ತಾ, ಇನ್ನೊಬ್ಬರು ಅಜ್ಜನ ಬೆರಳು ನೋಡ್ತಾ ಕೂತ್ವಿ. ತಬಲಾ ಸುತ್ತಿ ಬಂತು. ಬೆರಳು ತೊಡೆಗೆ ಬಿತ್ತು. “ಹಾಂ!” ಅಂದರು.

ಮುಂದಿನ ರಜೆಗೆ ಊರಿಗೆ ಹೋದಾಗ ನೀವೂ ಮನೆಯ ಮೂಲೆಮೂಲೆಯಿಂದ ಒಮ್ಮೆ ಪಿಂಗ್ ಮಾಡಿ ನೋಡಿ. ಹಾಗೇ ಆ ಕೋಣೆಗಳಲ್ಲಿ ಇರೋರನ್ನೂ ಸ್ವಲ್ಪ ಮಾತಾಡಿಸಿ ಬನ್ನಿ.