ಪದವಿಯಿಲ್ಲದ ಒಡತಿಯರು

ದೊಡ್ಡ ಅಧಿಕಾರಿಯ ಮಡದಿಗೆ ಎಲ್ಲರೂ ಕೈಮುಗಿಯುವರು. ಆ ಗೌರವವು ಯಾವ ಕಾಗದದಲ್ಲಿ ಬರೆದಿದೆಯೆಂದು ಕೇಳಿದರೆ ಮಾತ್ರ ಉತ್ತರ ದೊರೆಯದು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ರಾಜ್ಯಘಟನೆಯಲ್ಲಿ ಅಧ್ಯಕ್ಷನ ಪತ್ನಿಯ ಮಾತೇ ಇಲ್ಲ. ಆಕೆಗೆ ಸಂಬಳವೂ ಇಲ್ಲ. ಆದರೂ ಆ ಮನೆಗೆ ಒಡತಿಯೊಬ್ಬಳು ಇಲ್ಲದೆ ನಡೆಯಲಿಲ್ಲ. ಜೆಫರ್ಸನ್ನನು ವಿಧುರನಾದುದರಿಂದ ಆತನ ಔತಣಗಳಲ್ಲಿ ಅನೇಕ ಸಲ ಮಂತ್ರಿಯಾದ ಮ್ಯಾಡಿಸನ್ನನ ಮಡದಿ ಡಾಲಿಯೇ ಅತಿಥಿಗಳನ್ನು ಎದುರುಗೊಂಡಳು. ಬುಕಾನನ್ನನು ಮದುವೆಯನ್ನೇ ಆಗದವನು. 1857 ರಿಂದ 1861 ರ ವರೆಗೆ ಅವನ ಸೋದರಸೊಸೆ ಹ್ಯಾರಿಯೆಟ್ ಲೇನಳು ಆ ಭಾರವನ್ನು ಹೊತ್ತಳು. 1919 ರಲ್ಲಿ ವಿಲ್ಸನ್ನನು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಾಗ, ಯಾವ ಕಾಗದವು ಆತನ ಕಣ್ಣಿಗೆ ಬೀಳಬೇಕೆಂಬುದನ್ನು ಪತ್ನಿ ಎಡಿತಳು ಗೊತ್ತುಪಡಿಸುತ್ತಿದ್ದಳು. ಅದಕ್ಕಾಗಿ ನಿಂದೆಯನ್ನೂ ಉಂಡಳು. ಹೆಸರಿಲ್ಲದ ಅಧಿಕಾರಕ್ಕೆ ನಿಂದೆ ಮಾತ್ರ ಹೆಸರು ಹಿಡಿದು ಬರುವುದು!

ನಮ್ಮ ನಾಡಿನ ಹಳೆಯ ಪದ್ಧತಿ ಬೇರೆಯಾಗಿತ್ತು. ಬೆಳ್ವೊಲದ ಹಿರಿಯ ಊರಾದ ಈ ಅಣ್ಣಿಗೇರಿಯು ಯಾರ ಆಳಿಕೆಯಲ್ಲಿತ್ತೋ ಆ ಕಲ್ಯಾಣದ ಚಾಲುಕ್ಯರ ಮನೆತನದ ಹೆಣ್ಣುಮಕ್ಕಳು ನಾಡುಗಳನ್ನೇ ಆಳಿದರು. ಜಯಸಿಂಹನ ಅಕ್ಕಳಾದ ಅಕ್ಕಾದೇವಿಯು ಕಿಸುಕಾಡನ್ನು ಆಳಿದಳು, ಗೋಕಾಗೆಯ ಕೋಟೆಗೆ ಮುತ್ತಿಗೆಯನ್ನೂ ಹಾಕಿದಳು. ಸೋಮೇಶ್ವರನ ರಾಣಿ ಮೈಲಲದೇವಿಯು ಬನವಾಸಿಯನ್ನು ಆಳಿದಳು. ಇವರ ಅಧಿಕಾರವು ಪಿಸುಮಾತಿನದಲ್ಲ, ಶಾಸನದಲ್ಲಿ ಕೆತ್ತಿದುದು. ಹತ್ತಿರದ ಕಾಲಕ್ಕೆ ಬಂದರೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. 1894 ರಲ್ಲಿ ಪತಿಯು ಕಲಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. 1902 ರ ವರೆಗೆ ಅವರೇ ರೀಜೆಂಟರಾಗಿ ರಾಜ್ಯವನ್ನು ನಡೆಸಿದರು. ಶಿವಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ಆ ಕಾಲದಲ್ಲಿಯೇ.

ರಾಜರ ಮನೆಯ ಮಾತು ನಮಗೇಕೆ ಎನ್ನಬಹುದು. ನಮ್ಮ ತಂದೆಯವರು ಹತ್ತಿಯ ವ್ಯಾಪಾರಕ್ಕೆಂದು ವರ್ಷದ ಬಹುಭಾಗ ಹುಬ್ಬಳ್ಳಿಯಲ್ಲಿಯೇ ಇರುತ್ತಿದ್ದರು. ಎರೆಹೊಲದಲ್ಲಿ ಕಡಲೆ ಬಿತ್ತುವ ದಿನವನ್ನು ಗೊತ್ತುಪಡಿಸುವವರು, ಆಳುಗಳಿಗೆ ಕೂಲಿ ಕೊಡುವವರು, ಬಂದ ಅಧಿಕಾರಿಗಳಿಗೆ ರೊಟ್ಟಿ ಬಡಿಸಿ ಅವರೊಡನೆ ಕಂದಾಯದ ಮಾತಾಡುವವರು ತಾಯಿಯವರೇ. ಊರವರು ಅವರನ್ನು ಗೌಡಶ್ಯಾನಿಯೆಂದೇ ಕರೆಯುತ್ತಿದ್ದರು. ತಂದೆಯವರು ತೀರಿದ ವರ್ಷ ಬೀಜಕ್ಕೆ ಸಾಲ ಬೇಕಾಯಿತು. ಕೊಡುವವರು ಉತಾರವನ್ನು ನೋಡಿ, "ನಿಮ್ಮ ಹೆಸರು ಇದರಾಗ ಇಲ್ಲಲ್ರೀ, ಗಂಡುಮಕ್ಕಳನ್ನ ಕರಕೊಂಡು ಬರ್ರಿ" ಎಂದರು. ನಾವಿಬ್ಬರೂ ಪರಊರಿನಲ್ಲಿ ಓದುತ್ತಿದ್ದೆವು. ನಾವು ಬಂದು ಸಹಿ ಮಾಡುವಷ್ಟರಲ್ಲಿ ಹೊಲದ ಹದ ಆರಿಹೋಗಿತ್ತು. ಇಪ್ಪತ್ತು ವರ್ಷ ಆ ಹೊಲವನ್ನು ಆಳಿದವರು ಆ ಹಿಂಗಾರಿಯಲ್ಲಿ ಅದು ಬೀಳು ಬಿದ್ದುದನ್ನು ನೋಡಬೇಕಾಯಿತು.

ಈಗ ನನ್ನ ಪಾಲಿನ ಹೊಲದ ಉತಾರದಲ್ಲಿ ಮಡದಿಯ ಹೆಸರನ್ನೂ ಸೇರಿಸಬೇಕೆಂದಿರುವೆನು. ಮನೆತನದ ಭೂಮಿ ಹೊರಗೆ ಹೋದೀತೆಂದು ತಮ್ಮನ ಶಂಕೆ. ಮೂವತ್ತು ವರ್ಷ ಒಳಗಿದ್ದವಳು ಹೊರಗಿನವಳು ಹೇಗಾದಳೆಂದು ನನ್ನ ಪ್ರಶ್ನೆ. ಆಕೆಯಾದರೋ ನಗುತ್ತ, "ಹೆಸರು ಹಚ್ಚಸ್ರಿ, ಬ್ಯಾಡ ಅನ್ನೂದಿಲ್ಲ, ಮೊದಲ ಹೊಲದ ಬದು ಕಟ್ಟಸ್ರಿ" ಎಂದಳು. ಬದುವಿನ ಕೆಲಸ ನಡೆದಿದೆ. ಜಂಟಿ ಖಾತೆಯಾದುದರಿಂದ ಕಚೇರಿಯವರು ಕೇಳಿದ ಕಾಗದಗಳೆಲ್ಲ ಸಿದ್ಧವಾಗಿವೆ, ತಮ್ಮನ ಸಹಿಯೊಂದು ಉಳಿದಿದೆ.