ಹತ್ತಿ ಇಳಿದ ಘಾಟಿ

ಹುಬ್ಬಳ್ಳಿ ಬಿಡುವಾಗ ಬೆಳಗಿನ ಐದೂವರೆ. ಏಪ್ರಿಲ್ ತಿಂಗಳಾದರೂ ಕಾರಿನ ಗಾಜು ಇಳಿಸಿದರೆ ಇನ್ನೂ ತಂಪು ಗಾಳಿ. ಸ್ಟಿಯರಿಂಗ್ ಹಿಡಿದ ಗೆಳೆಯ ನವಲಗುಂದದ ಕಡೆಯವನು, ಹತ್ತಿ ಬೆಳೆಯುವ ಮನೆತನದವನು.

"ಕುಮಟಾದಾಗ ಏನ್ ನೋಡಾಕ ಹೊಂಟೀವೋ?"

"ನಿಮ್ಮ ಮುತ್ತಜ್ಜನ ಹತ್ತಿ ಹಡಗು ಹತ್ತಿದ ಜಾಗ."

"ಅಲ್ಲಿ ಈಗ ಏನೈತಿ?"

"ಹೋಗಿ ನೋಡೋಣು."

ತಡಸ ಕ್ರಾಸಿನಲ್ಲಿ ಬೆಂಗಳೂರಿನ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳುತ್ತೇವೆ. ಬೆಳಕು ಹರಿದಂತೆ ನೆಲದ ಬಣ್ಣವೂ ಬದಲಾಗುತ್ತದೆ. ಎರೆಮಣ್ಣು ಹಿಂದೆ ಉಳಿಯಿತು. ಎದುರಿಗೆ ಕೆಮ್ಮಣ್ಣು, ಕೊಯ್ಲಾದ ಭತ್ತದ ಗದ್ದೆ, ಎಲೆ ಉದುರಿಸಿ ನಿಂತ ತೇಗ. ಮುಂಡಗೋಡಿನಲ್ಲಿ ಕಡುಗೆಂಪು ನಿಲುವಂಗಿಯ ಟಿಬೆಟನ್ ಭಿಕ್ಷುಗಳು ರಸ್ತೆ ದಾಟುವವರೆಗೆ ಕಾರು ಕಾಯುತ್ತದೆ. ಮಳಗಿ ದಾಟಿದ ಮೇಲೆ ಕಾಡು ದಟ್ಟವಾಗಿ, ತಗ್ಗಿನಲ್ಲೆಲ್ಲ ಅಡಿಕೆ ತೋಟಗಳು ತಲೆ ಎತ್ತುತ್ತವೆ. ಹೀಗೆ ಶಿರಸಿ.

ಚಹಾ, ತೆಳ್ಳೇವು, ಜೋನಿ ಬೆಲ್ಲ. ತಟ್ಟೆ ಮುಂದಿಟ್ಟುಕೊಂಡು ಗೆಳೆಯನಿಗೆ ಈ ದಾರಿಯ ಕತೆ ಹೇಳುತ್ತೇನೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿತ್ತು. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜ 1840ರ ದಶಕದಲ್ಲೇ ಊರಿತ್ತು. ದೇಸಿ ಹತ್ತಿಯಂತೂ ತಲೆತಲಾಂತರದ್ದು. ಬೆಲೆ ಗಗನಕ್ಕೇರಿತು. ಆದರೆ ಹತ್ತಿರದ ಕಡಲತೀರ ಮದ್ರಾಸ್ ಪ್ರಾಂತದ ಆಡಳಿತದಲ್ಲಿತ್ತು, ಹತ್ತಿಯ ಹೊಲ ಮುಂಬಯಿ ಪ್ರಾಂತದಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಒಂದು ಜಿಲ್ಲೆಯ ಹಣೆಬರಹ ಬದಲಿಸುವಷ್ಟು ತೂಕ ಆಗ ಹತ್ತಿಯ ಅಂಡಿಗೆಗಿತ್ತು.

"ತೂಕ ಅಂದಿ ನೋಡು," ಗೆಳೆಯ ನಗುತ್ತಾನೆ. "ನಮ್ಮ ಮಂದಿ ನೀರ ಹೊಡದಿರ್ತಾರ."

ಹೊಡೆದಿದ್ದರು. ಕಲಬೆರಕೆ ಎಷ್ಟಾಯಿತೆಂದರೆ, ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಮೋಸದ ವಿರುದ್ಧವೇ ಒಂದು ಕಾಯ್ದೆ ತಂದಿತು.

ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಕಲ್ಲಿನ ಮೇಲೆ ಈಗ ರಾಷ್ಟ್ರೀಯ ಹೆದ್ದಾರಿ 766ಇ ಎಂದು ಬರೆದಿದೆ. ರಾಗಿಹೊಸಳ್ಳಿ, ಬಂಡಲ. ಅಲ್ಲಿಂದ ಮುಂದೆ ಘಾಟಿಯ ತಲೆ, ದೇವಿಮನೆ. ಎದುರಿನ ಲಾರಿ ವೇಗ ತಗ್ಗಿಸುತ್ತದೆ, ಚಾಲಕ ಗುಡಿಯ ಕಡೆಗೆ ಕೈ ಎತ್ತಿ ಮುಗಿಯುತ್ತಾನೆ. ನಾವೂ ಇಳಿದು ಕೈಮುಗಿಯುತ್ತೇವೆ. ಗೆಳೆಯ ಎಡಕ್ಕೆ ಇಣುಕಿ, ಕಣಿವೆಯ ಆಳ ನೋಡಿ, ಕಾರನ್ನು ಎರಡನೇ ಗೇರಿಗೆ ತರುತ್ತಾನೆ.

ತಿರುವು, ಮತ್ತೆ ತಿರುವು. ಕಿವಿ ಗುಂಯ್ ಎನ್ನುತ್ತದೆ. ಬ್ರೇಕ್ ಸುಟ್ಟ ವಾಸನೆ ನಮ್ಮದೋ ಮುಂದಿನ ಲಾರಿಯದೋ ತಿಳಿಯದು. ಒಂದು ಬದಿ ಕಡಿದ ಕೆಂಪು ಧರೆ, ಇನ್ನೊಂದು ಬದಿ ಬರೀ ಹಸಿರು ತಳ. ಇದೇ ಇಳಿಜಾರಿನಲ್ಲಿ ತುಂಬಿದ ಗಾಡಿ ಎತ್ತಿನ ಮೇಲೇ ನುಗ್ಗದಂತೆ ಹಿಡಿದಿದ್ದ ಗಾಡಿಕಾರನ ಕೈ ನೆನೆಯಿರಿ. ಗಾಡಿಗಳು ಖಾಲಿ ಮರಳುತ್ತಿರಲಿಲ್ಲ. ಕರಾವಳಿಯ ಉಪ್ಪು, ತೆಂಗು ತುಂಬಿಕೊಂಡು ಬರುತ್ತಿದ್ದವು. ಇಳಿಯುತ್ತಿದ್ದುದು ಹತ್ತಿ, ಹತ್ತುತ್ತಿದ್ದುದು ಉಪ್ಪು.

ಕತಗಾಲ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿದೆ. ಗಾಳಿ ದಪ್ಪ, ಅದರಲ್ಲಿ ಉಪ್ಪಿನ ಎಳೆ. ಹೆದ್ದಾರಿ 66 ಸೇರಿ ಎಡಕ್ಕೆ ತಿರುಗಿದರೆ ರಸ್ತೆಬದಿಯಲ್ಲಿ ಕೋಲಿಗೆ ಕೆಂಪು ಈರುಳ್ಳಿ ಜಡೆಜಡೆಯಾಗಿ ತೂಗುಬಿಟ್ಟಿದ್ದಾರೆ. ಕುಮಟಾದ ಸಿಹಿ ಈರುಳ್ಳಿ. ಈ ಬೇಸಿಗೆಯಲ್ಲಷ್ಟೇ ಸಿಗುವುದು. ಕೊರಳ ತುಂಬ ಕರಿಮಣಿ ಹಾಕಿದ ಹಾಲಕ್ಕಿ ಅಜ್ಜಿ ಒಂದು ಗೊಂಚಲು ಎತ್ತಿ ಹಿಡಿಯುತ್ತಾಳೆ.

"ಯವ್ವಾ, ಒಂದ್ ಜಡಿ ಎಷ್ಟ?"

"ತಿಂದ್ ನೋಡು ತಮಾ, ಆಮೇಲ್ ಕೇಳು."

ಅವನು ಹಸಿಯಾಗಿಯೇ ಕಚ್ಚುತ್ತಾನೆ. ಕಣ್ಣಲ್ಲಿ ನೀರಿಲ್ಲ. ಎರಡು ಜಡೆ ಡಿಕ್ಕಿಗೆ ಹೋಗುತ್ತವೆ.

ಪೇಟೆ ದಾಟಿ, ಕಿರಿದಾದ ಓಣಿಗಳಲ್ಲಿ ದಾರಿ ಕೇಳುತ್ತ, ಹೆಡ್ ಬಂದರಿನಲ್ಲಿ ಕಾರು ನಿಲ್ಲುತ್ತದೆ. ಮುಂದೆ ರಸ್ತೆಯಿಲ್ಲ. ಮರಳು, ಕರಿಬಂಡೆ, ದೀಪಸ್ತಂಭ, ಬಲೆ ಬಿಡಿಸುತ್ತ ಕುಳಿತ ಇಬ್ಬರು, ಆಮೇಲೆ ಅರಬ್ಬೀ ಸಮುದ್ರ. ಹತ್ತಿ ಇಲ್ಲಿಂದಲೇ ದೋಣಿ ಹತ್ತಿ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಹೋಗುತ್ತಿತ್ತು. ಅಲ್ಲಿನ ಪೇಟೆಯವರಿಗೆ ನವಲಗುಂದ, ಗದಗ ಯಾವುದೂ ಗೊತ್ತಿರಲಿಲ್ಲ. ಬಂದ ಬಂದರಿನ ಹೆಸರನ್ನೇ ಮಾಲಿಗೆ ಇಟ್ಟರು. ಹಾಗೆ ಬಯಲುಸೀಮೆಯ ದೇಸಿ ಹತ್ತಿ 'ಕುಮಟಾ' ಆಯಿತು. ಕೃಷಿ ಪುಸ್ತಕಗಳಲ್ಲಿ ಈಗಲೂ ಆ ತಳಿಗೆ ಅದೇ ಹೆಸರು.

1880ರ ದಶಕದಲ್ಲಿ ರೈಲು ಬಂತು. ಹಳಿ ಕುಮಟಾಕ್ಕೆ ಇಳಿಯಲಿಲ್ಲ, ಗೋವಾದ ಮುರ್ಮುಗಾಂವಿಗೆ ಹೋಯಿತು. ಹತ್ತಿ ಅದರ ಹಿಂದೆಯೇ ಹೋಯಿತು. ಯುದ್ಧ ಮುಗಿದು ಬೆಲೆ ಕುಸಿದದ್ದು ಅದಕ್ಕೂ ಮೊದಲೇ.

ಗೆಳೆಯ ಚಪ್ಪಲಿ ಕಳಚಿ ನೀರಿಗಿಳಿದು ನಿಂತಿದ್ದಾನೆ. "ನಮ್ಮ ಹೊಲದಾಗ ಈಗ ಬರೇ ಬಿಟಿ," ಎನ್ನುತ್ತಾನೆ. "ಅಪ್ಪ ಜಯಧರ ಬಿತ್ತತಿದ್ದ. ಅದೂ ಈ ಕುಮಟಾ ಹತ್ತಿ ಬಳಗನ ಅಲ್ಲೇನು?" ಹೌದು, ಅದೂ ಅದೇ ಕುಲದ ದೇಸಿ ಹತ್ತಿ. ಅವನು ಮರಳು ಹಿಡಿದು ನೋಡಿ, ಬೆರಳ ಸಂದಿಯಿಂದ ಬಿಡುತ್ತಾನೆ. ಇದರಲ್ಲಿ ಹತ್ತಿ ಬೆಳೆಯದು ಎಂಬುದು ರೈತನಿಗೆ ಹೇಳಬೇಕಿಲ್ಲ.

ನೀವು ಈ ದಾರಿ ಹಿಡಿಯುವುದಾದರೆ ಮಳೆಗೆ ಮುಂಚೆಯೇ ಹೊರಡಿ. ಮಳೆಗಾಲದಲ್ಲಿ ದೇವಿಮನೆ ಘಾಟಿಯ ಧರೆ ಕುಸಿದು ರಸ್ತೆ ಮುಚ್ಚುವುದುಂಟು. ಹತ್ತಿಯ ಗಾಡಿಗಳೂ ಮಳೆ ಬರುವ ಮೊದಲೇ ಇಳಿದು ಮುಗಿಸುತ್ತಿದ್ದವು.